ದೊಡ್ಡವ್ವನ ಎಂಟು ಚೀಲ

ಗದಗಿನ ಮೊಬೈಲ್ ಅಂಗಡಿಯಲ್ಲಿ ದಿನವಿಡೀ ಫೋನ್ ಕೆಟ್ಟ ಗಿರಾಕಿಗಳಿಗೆ ಧೈರ್ಯ ಹೇಳಿ ಪಗಾರ ತಗೊಳ್ಳುವ ನಾನು, ಮಲ್ಲಸಮುದ್ರದ ನಮ್ಮ ಮನೆಯಲ್ಲಿ ಸಾಕಿದ ಕೋಳಿ ಕೊಯ್ಯುವ ರವಿವಾರ ಕೋಳಿಗಿಂತ ಮೊದಲೇ ಕಣ್ಣು ಮುಚ್ಚುವ ಗಂಡಸು. ದೊಡ್ಡವ್ವ ಫಕೀರವ್ವ ಅಂಥವಳಲ್ಲ. ಹಿತ್ತಲಲ್ಲಿ ಮಣೆ ಹಾಕಿ ಕುಂತಳೆಂದರೆ ಮನೆಮಂದಿಯೆಲ್ಲ ಅವಳ ಆಳುಗಳು. ಗಂಡನಿಗೆ, "ನೀರು ಭಾಳ ಕಾಸಬ್ಯಾಡ್ರಿ, ತೊಗಲು ಕಿತ್ತು ಬರತೈತಿ." ನನ್ನ ತಂಗಿ ಶೃತಿಗೆ, "ಪುಕ್ಕ ಕೀಳಾಕ ಹೇಳೀನಿ, ಜಡಿ ಹೆಣಿಯಾಕಲ್ಲ." ನನಗೆ, "ಕಣ್ಣು ತಗೀಲೇ, ಅದು ಸತ್ತು ಅರ್ಧಾ ತಾಸಾತು." ಅರಿಶಿಣ ಸವರದೆ ಒಂದು ತುಂಡನ್ನೂ ಫ್ರಿಜ್ಜಿಗೆ ಇಡಗೊಡಳು; ಫ್ರಿಜ್ಜಿನ ಮೇಲೆ ಅವಳಿಗೆ ನನ್ನ ಮೇಲಿದ್ದಷ್ಟೇ ನಂಬಿಕೆ. ಈ ಸಲ ಎಂಟು ಕೋಳಿ ಕೊಯ್ದು, ಒಂದೊಂದು ಕೋಳಿಯ ಚೀಲದ ಜೊತೆ ರುಬ್ಬಿದ ಖಾರದ ಗಂಟನ್ನೂ ಕಟ್ಟಿ ಫ್ರೀಜರಿಗೆ ತುಂಬಿದಳು. ಬುಧವಾರ ಅವಳ ಹೊಟ್ಟೆಯ ಆಪರೇಷನ್. ಆಮೇಲೆ ಒಂದು ತಿಂಗಳು ಒಲೆಯ ಹತ್ತಿರ ಸುಳಿಯುವಂತಿಲ್ಲ. ನಮ್ಮ ಮನೆಯಲ್ಲಿ ವಾರಕ್ಕೊಂದೇ ಕೋಳಿ. "ದೊಡ್ಡವ್ವಾ, ಡಾಕ್ಟರ್ ಹೇಳಿದ್ದು ನಾಕು ವಾರ. ಎಂಟು ಚೀಲ ಯಾಕ?" ಎಂದೆ. "ನಾಕು ನೀವು ಹೊತ್ತಿಸಿ ಚೆಲ್ಲತೀರಲ್ಲ" ಎಂದಳು, ನನ್ನ ಕಡೆ ನೋಡದೆ. ಎಲ್ಲರೂ ನಕ್ಕೆವು. ದೊಡ್ಡಪ್ಪ ಮಾತ್ರ ನಗಲಿಲ್ಲ. ಕೊಯ್ಯಲು ಕಟ್ಟಿಹಾಕಿದ್ದ ಒಂಬತ್ತನೆಯ ಕೋಳಿಯ ಕಾಲಿನ ದಾರ ಬಿಚ್ಚಿ ಅದನ್ನು ತಿಪ್ಪೆಯತ್ತ ಬಿಟ್ಟು, "ಇದನ್ನ ನೀ ಬಂದಮ್ಯಾಲ ಮಾಡೂಣು" ಎಂದ.