ಮುಚ್ಚಿಟ್ಟ ಎಸರು

ಅವರು ಬರುತ್ತಾರೆಂದು ಇಲಾಖೆಯ ಸಾಹೇಬರು ಹೇಳಿದ ದಿನ ನನಗೆ ಸಂತೋಷವೇನೂ ಆಗಲಿಲ್ಲ. ಆಫ್ರಿಕಾದ ಯಾವುದೋ ದೇಶದ ಆರು ಜನ ಹೆಣ್ಣುಮಕ್ಕಳು. ಆ ದೇಶದ ಹೆಸರು ಈಗಲೂ ನನ್ನ ನಾಲಿಗೆಯಲ್ಲಿ ಸರಿಯಾಗಿ ಹೊರಳುವುದಿಲ್ಲ. ಕೊಪ್ಪಳದಲ್ಲಿ ಇಳಿದುಕೊಂಡು, ದಿನಾ ಬೆಳಿಗ್ಗೆ ವ್ಯಾನಿನಲ್ಲಿ ಅಳವಂಡಿ ಕಡೆಯ ನಮ್ಮ ಊರಿಗೆ ಬಂದು, ನಮ್ಮ ಮಹಿಳಾ ಸಂಘದವರು ಜೋಳದ ರೊಟ್ಟಿ ಮಾಡುವುದನ್ನು ಒಂದು ವಾರ ಕಲಿಯುತ್ತಾರಂತೆ. ಖರ್ಚೆಲ್ಲ ನಮ್ಮ ಸರ್ಕಾರದ್ದಂತೆ.

"ಮೊದಲ ನಾವು ಬ್ಯಾರೆ ದೇಶದವರ ಕಡಿಂದ ತಗೋತಿದ್ವಿ ನೋಡ್ರಿ ಅಮ್ಮಾ. ಈಗ ನಾವೂ ಕೊಡೂ ಮಂದಿ ಆಗೇವಿ," ಎಂದರು ಸಾಹೇಬರು.

"ಕೊಟ್ಟರ ನಮಗೇನ ಬರತೈತ್ರಿ?"

"ಹೆಸರು ಬರತೈತಿ."

"ಹೆಸರು ಹಂಚಿನ ಮ್ಯಾಲ ಹಾಕಿದ್ರ ಉಬ್ಬತೈತೇನ್ರಿ?" ಎಂದು ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ, ಹಿಂದಿನಿಂದ ಗೊಣಗಿದಳು. ಸಾಹೇಬರು ಕೇಳಿಸದವರಂತೆ ಫೈಲು ಮುಚ್ಚಿದರು.

ನಮ್ಮ ಸಿಟ್ಟಿಗೆ ಕಾರಣವಿತ್ತು. ರೊಟ್ಟಿ ಒತ್ತುವ ಮಷೀನು ಬೇಕೆಂದು ನಮ್ಮ ಸಂಘ ಅರ್ಜಿ ಕೊಟ್ಟು ಮೂರು ವರ್ಷವಾಗಿತ್ತು. ತಟ್ಟಿ ತಟ್ಟಿ ನನ್ನ ಬಲಭುಜ ಮೇಲೇಳದಂತಾಗಿತ್ತು. ತಲೆ ಬಾಚುವುದನ್ನು ಎಡಗೈಗೆ ಕಲಿಸಿದ್ದೆ. ಎಡಗೈಯಾದರೂ ನೆಟ್ಟಗಿದೆಯಲ್ಲ ಎಂದು ದೇವರಿಗೆ ಕೈ ಮುಗಿಯುತ್ತಿದ್ದೆ. ಈಗ ನೋಡಿದರೆ ಅಂಥದೇ ಮಷೀನನ್ನು ಸರ್ಕಾರ ಈ ಹೆಂಗಸರ ದೇಶಕ್ಕೆ ಕಳಿಸುತ್ತದೆಂದು, ಊರಿನ ದಾರಿ ನೋಡಿಕೊಂಡು ಹೋಗಲು ಮೊದಲೇ ಬಂದಿದ್ದ ವ್ಯಾನಿನ ಡ್ರೈವರ್ ಹೇಳಿದ. ಮಷೀನು ಅವರಿಗೆ, ಕಲಿಸುವ ದುಡಿತ ನಮಗೆ. ನಾಳೆ ಅವರ ರೊಟ್ಟಿಯೇ ಪ್ಯಾಕೆಟ್ಟಿನಲ್ಲಿ ಬಂದು ಕೊಪ್ಪಳದ ಅಂಗಡಿಗಳಲ್ಲಿ ಕೂತರೆ ನಮ್ಮದನ್ನು ಕೇಳುವವರು ಯಾರು?

ಅದಕ್ಕೇ ನಾವು ಒಂದು ತೀರ್ಮಾನ ಮಾಡಿದೆವು. ಎಸರು ತೋರಿಸಬಾರದು.

ಜೋಳದ ಹಿಟ್ಟಿಗೆ ಗೋಧಿಹಿಟ್ಟಿನ ಹಾಗೆ ತನ್ನದೇ ಜಿಗುಟು ಇರುವುದಿಲ್ಲ. ಕುದಿಯುವ ನೀರು, ಅಂದರೆ ಎಸರು, ಹಾಕಿ ಕಲಸಿದರೇನೇ ಅದು ಒಂದಕ್ಕೊಂದು ಹಿಡಿದುಕೊಳ್ಳುವುದು. ತಣ್ಣೀರಿನಲ್ಲಿ ಕಲಸಿದರೆ ತಟ್ಟುತ್ತಿದ್ದಂತೆ ಅಂಚು ಬಿರಿಯುತ್ತದೆ, ಹಂಚಿಗೆ ಎತ್ತುವಾಗ ಹರಿದು ಬೀಳುತ್ತದೆ. ನಮ್ಮ ಕಡೆ ಎಂಟು ವರ್ಷದ ಹುಡುಗಿಗೂ ಗೊತ್ತಿರುವ ಸಂಗತಿ ಇದು. ವ್ಯಾನು ಬರುವ ಮೊದಲೇ ಎಸರು ಹಾಕಿ ಹಿಟ್ಟು ಕಲಸಿ ಮುಚ್ಚಿಡುವುದು, ಅವರ ಮುಂದೆ ತಣ್ಣೀರಿನ ತಂಬಿಗೆ ಇಟ್ಟುಕೊಂಡು ಬರೀ ನಾದಿ ತೋರಿಸುವುದು. ಈ ಉಪಾಯ ನನ್ನದೇ. ಸೋಮವಾರ ಒಪ್ಪತ್ತು ಇರುವ, ಈಶ್ವರನಿಗೆ ಪತ್ರಿ ಏರಿಸದೆ ಚಹಾ ಮುಟ್ಟದ ನನ್ನದೇ.

ಮೊದಲ ದಿನ ಬಂದವರಿಗೆ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ, ಮೊಸರು ಕೊಟ್ಟೆವು. ಅವರಲ್ಲಿ ಹಿರಿಯಳು, ಸುಮಾರು ನನ್ನದೇ ವಯಸ್ಸಿನವಳು, ರೊಟ್ಟಿ ಮುರಿದು ಮೂಸಿ ನೋಡಿದಳು. ಬಾಯಿಗೆ ಇಡಲಿಲ್ಲ. ನಾನು ಒಂದು ಚೂರು ತಿಂದು ನುಂಗಿದ ಮೇಲೆಯೇ ತಿಂದಳು.

"ನೋಡಿದ್ಯಾ ಅಕ್ಕಾ? ವಿಷ ಹಾಕೇವಂತ ತಿಳದಾಳ," ಎಂದಳು ನೆಗೆಣ್ಣಿ.

"ತಿಳಕೊಳ್ಳಲಿ ಬಿಡು," ಎಂದೆ. ಆದರೆ ಮನಸ್ಸಿಗೆ ಚುಚ್ಚಿತ್ತು.

ಸಂಜೆ ದೀಪ ಹಚ್ಚಿದ ಮೇಲೆ, ಆ ದಿನ ದೇವರು ಮಾಡಿದ ಉಪಕಾರಗಳನ್ನು ಬೆರಳ ಗೆಣ್ಣಿನ ಮೇಲೆ ಎಣಿಸುವುದು ನನ್ನ ರೂಢಿ. ನಳದಲ್ಲಿ ನೀರು ಬಂತು, ಒಂದು. ಯಜಮಾನರ ಕೆಮ್ಮು ಇಳಿಯಿತು, ಎರಡು. ಮೂರನೆಯದಕ್ಕೆ ಬರುವಾಗ ಆ ಹೆಂಗಸು ರೊಟ್ಟಿ ಮೂಸಿದ್ದು ಕಣ್ಣ ಮುಂದೆ ಬಂತು, ಅದರ ಹಿಂದೆಯೇ ನಮ್ಮ ಅವ್ವ ಬಂದಳು. ನಾನು ಶಾಲೆಗೆ ಹೋಗುವಾಗ ಮಧ್ಯಾಹ್ನ ಪರದೇಶದಿಂದ ಬಂದ ಹಳದಿ ಹಿಟ್ಟಿನ ಉಪ್ಪಿಟ್ಟು ಕೊಡುತ್ತಿದ್ದರು. ಮೊದಲ ಸಲ ಅದನ್ನು ಮನೆಗೆ ತಂದಾಗ ಅವ್ವ ಹೀಗೆಯೇ ಮೂಸಿದ್ದಳು. "ಪುಕ್ಕಟೆ ಯಾರ ಕೊಡ್ತಾರವ್ವಾ? ಏನ ಹಾಕ್ಯಾರೋ," ಎಂದು ಒಂದಿಷ್ಟನ್ನು ಕೋಳಿಗೆ ಹಾಕಿ, ಕೋಳಿಯನ್ನೇ ನೋಡುತ್ತ ಕೂತಳು. ಕೋಳಿ ತಿಂದು ಇನ್ನಷ್ಟು ಬೇಕೆಂದು ಕಾಲಿಗೆ ಸುತ್ತಿಕೊಂಡ ಮೇಲೆ ನಮಗೆ ತಿನ್ನಲು ಬಿಟ್ಟಳು.

ಆ ಸಂಜೆ ನನ್ನ ಎಣಿಕೆ ಎರಡಕ್ಕೇ ನಿಂತಿತು. ಮರುದಿನವೂ ಅಷ್ಟೇ.

ಅವರು ತಾವೇ ತಣ್ಣೀರಿನಲ್ಲಿ ಕಲಸಿದ ರೊಟ್ಟಿಗಳೆಲ್ಲ ಹರಿದವು. ಸಾಹೇಬರು ಬಂದು, ನಮ್ಮ ಕೈ ಅವರ ಕೈಗಳ ಮೇಲೆ ಇರಿಸಿ ಫೋಟೊ ತೆಗೆಸಿದರು. ಫೋಟೊದಲ್ಲಿ ಹರಿದ ರೊಟ್ಟಿ ಕಾಣದಂತೆ ಪರಾತವನ್ನು ಸರಿಸಲು ಹೇಳಿದರು. ಸಾಹೇಬರಿಗೆ ರೊಟ್ಟಿ ಆದರೇನು, ಬಿಟ್ಟರೇನು ಎಂದು ನನಗೆ ಆಗಲೇ ಅನುಮಾನ.

ನಾಲ್ಕನೆಯ ದಿನ ಆ ಹಿರಿಯಳು ನನ್ನ ಪರಾತದಲ್ಲಿದ್ದ ಹಿಟ್ಟಿನ ಮೇಲೆ ಅಂಗೈ ಇಟ್ಟಳು. ತುಸು ಹೊತ್ತು ಹಾಗೇ ಹಿಡಿದಳು. ಆಮೇಲೆ ಅದೇ ಕೈಯನ್ನು ನನ್ನ ತಂಬಿಗೆಯೊಳಗೆ ಅದ್ದಿದಳು. ಮಾತು ತಿಳಿಸಿ ಹೇಳಲೆಂದು ಬಂದಿದ್ದ ಕೊಪ್ಪಳದ ಹುಡುಗಿಗೆ ಏನೋ ಅಂದಳು.

"ಹಿಟ್ಟು ಬೆಚ್ಚಗೈತಿ, ನೀರು ತಣ್ಣಗೈತಿ ಅಂತಾರ್ರಿ," ಎಂದಳು ಹುಡುಗಿ.

ನೆಗೆಣ್ಣಿ ಥಟ್ಟನೆ, "ಒಲಿ ಹತ್ರ ಇಟ್ಟಿದ್ವಿ, ಅದಕ್ಕ ಬೆಚ್ಚಗಾಗೈತಿ ಅಂತ ಹೇಳವ್ವಾ," ಎಂದಳು.

ಆ ಹೆಂಗಸು ಹೌದೆಂದು ತಲೆಯಾಡಿಸಿದಳು. ಸುಳ್ಳು ಎಂದು ತಿಳಿದೂ ಮನೆಯವರ ಮಾನ ಕಾಯಲು ಆಡಿಸುವ ತಲೆ ಅದು. ನನಗೆ ಅದರ ಗುರುತು ಇದೆ. ಆಮೇಲೆ ನಿಧಾನವಾಗಿ ಹೇಳುತ್ತ ಹೋದಳು, ಹುಡುಗಿ ಕನ್ನಡಕ್ಕೆ ತರುತ್ತ ಹೋದಳು. ಅವರ ಊರಿಗೆ ಹಿಂದೆಯೇ ಬೇರೊಂದು ದೇಶದವರು ಮಷೀನು ಕೊಟ್ಟಿದ್ದರಂತೆ. ಅದರ ಮೇಲಿನ ಅಕ್ಷರ ಓದಲು ಯಾರಿಗೂ ಬರುವುದಿಲ್ಲವಂತೆ. ಹಿಟ್ಟು ಹಾಕಿದರೆ ಪುಡಿಪುಡಿಯಾಗಿ ಬೀಳುತ್ತದಂತೆ. ಈಗ ಅದರ ಮೇಲೆ ಕೋಳಿ ಮೊಟ್ಟೆ ಇಡುತ್ತವಂತೆ.

"ಕಲಿಸಾಕ ಬಂದವರೆಲ್ಲಾ ಒಂದು ಮಾತು ಬಾಯಾಗ ಇಟ್ಕೊಂಡ ಹೋಗ್ತಾರ ಅಂತಾರ್ರಿ. ಅದಕ್ಕ ಈ ಸಲ ಕೈಲೆ ಮಾಡೂದು ನೋಡೋಣಂತ ಬಂದಾರಂತ. ಮತ್ತ, ಜ್ವಾಳ ಮೂಲ ಅವರ ಕಡೇದಂತ್ರಿ. ಅಲ್ಲಿಂದ ಇಲ್ಲಿಗೆ ಬಂದಿದ್ದಂತ."

ಜೋಳದ ಮಾತನ್ನು ನಾನು ನಂಬಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ. ಆದರೆ ಬಾಯಲ್ಲಿ ಇಟ್ಟುಕೊಂಡ ಮಾತು ನನ್ನದೇ ಆಗಿತ್ತು. ಅವರಿಗೆ ಮಷೀನು ಕೊಟ್ಟವರೂ ಎಸರಿನ ಮಾತು ಹೇಳಿರಲಿಲ್ಲ.

ಎದ್ದು ಬೋಗುಣಿಗೆ ನೀರು ಹಾಕಿ ಒಲೆಯ ಮೇಲಿಟ್ಟೆ. ನೆಗೆಣ್ಣಿ ನನ್ನ ಸೆರಗು ಜಗ್ಗಿದಳು.

"ಅಕ್ಕಾ, ತಲಿ ನೆಟ್ಟಗೈತಿಲ್ಲ? ನಾಳೆ ಇವರ ರೊಟ್ಟಿ ಬಂದ್ರ?"

"ಬಂದ್ರ ತಿಂದು ನೋಡೂಣಂತ. ಸೆರಗು ಬಿಡು, ಬೆಂಕಿ ಐತಿ."

ನೀರು ಕುದಿಯಿತು. ಹಿಟ್ಟಿನ ನಡುವೆ ಕುಣಿ ಮಾಡಿ ಸುರಿದೆ, ಕಟ್ಟಿಗೆಯಿಂದ ತಿರುವಿದೆ, ಕೈ ತಾಳುವಷ್ಟು ಆರಿದ ಮೇಲೆ ಆ ಹಿರಿಯಳಿಗೆ ಬಿಟ್ಟೆ. ಅವಳು ನಾದಿದಳು, ತಟ್ಟಿದಳು. ರೊಟ್ಟಿ ದಪ್ಪಗೆ, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ಆಯಿತು. ಆದರೆ ಅಂಚು ಬಿರಿಯಲಿಲ್ಲ, ಎತ್ತಿದರೆ ಹರಿಯಲಿಲ್ಲ. ಹಂಚಿನ ಮೇಲೆ ಉಬ್ಬಿತು ಕೂಡ. ಸಾಹೇಬರು ಆ ದಿನ ಬಂದಿರಲಿಲ್ಲ, ಹಾಗಾಗಿ ಫೋಟೊ ಇಲ್ಲ. ನಮ್ಮ ಮಷೀನೂ ಇನ್ನೂ ಬಂದಿಲ್ಲ.

ಬಿಸಿ ರೊಟ್ಟಿಯನ್ನು ಎರಡು ಮಾಡಿ ಅವಳು ನನಗೊಂದು ಅರ್ಧ ಚಾಚಿದಳು. ತೆಗೆದುಕೊಂಡೆ. ಬಾಯಿಗೆ ಇಡುವ ಮೊದಲು, ನನಗೇ ಗೊತ್ತಾಗದಂತೆ, ಮೂಸಿದೆ.

ಅವಳು ನೋಡಿಬಿಟ್ಟಳು. ತನ್ನ ಅರ್ಧದಿಂದ ಒಂದು ಚೂರು ಮುರಿದು, ನನಗೆ ಕಾಣುವಂತೆ ಬಾಯಿಗೆ ಹಾಕಿಕೊಂಡು ಅಗಿದು ನುಂಗಿ, ಈಗ ತಿನ್ನು ಎಂದು ಕೈ ಮಾಡಿದಳು.