ರೊಮೇನಿಯಾಕ್ಕೆ ಹೋಗಿ ಬಂದವರು

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ವಾಲ್ವ್‌ಗಳ ಅಂಚು ಸವರಿ ಸವರಿ ಸವೆದಿತ್ತು. ಚಹಾ ಕೊಟ್ಟರೆ ಮೊದಲು ಲೋಟದ ಬಾಯಿ ಸವರುತ್ತಿದ್ದರು, ಆಮೇಲೆ ಕುಡಿಯುತ್ತಿದ್ದರು.

ಮಣ್ಣಗುಡ್ಡದಲ್ಲಿ ನಮ್ಮ ಪಕ್ಕದ ಮನೆಯವರು. ಕ್ರೈಸ್ತ ಹಿರಿಯರನ್ನು ಇಲ್ಲಿ ಕರೆಯುವ ಹಾಗೆ ‘ಪೊರ್ಬುಗಳು’ ಎನ್ನುತ್ತಿದ್ದೆವು. ಜರ್ಮನ್ ಕಂಪನಿಯೊಂದರ ವಾಲ್ವ್ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಆಫೀಸಿನವರ ಮೇಜಿನಲ್ಲಿ ಜಾಗವಿದ್ದರೂ ಊಟಕ್ಕೆ ಲೈನಿನ ಕೆಲಸಗಾರರ ಜೊತೆಗೇ ಕೂರುತ್ತಿದ್ದರು.

ಕಂಪನಿ ರೊಮೇನಿಯಾದಲ್ಲಿ ಘಟಕ ತೆರೆದಾಗ ಕೆಲಸ ಕಲಿಸಲು ಅವರನ್ನು ಆರು ತಿಂಗಳು ಕಳಿಸಿತು. ಅಲ್ಲಿಯೂ ಕಾರ್ಮಿಕರ ಮೇಜಿಗೇ ಹೋದರು. ಮೇಜಿನಲ್ಲಿ ಮಾತು ನಿಂತಿತು. ಮುಚ್ಚಿಹೋದ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಹಿಂದೆ ದುಡಿದಿದ್ದ ಹೆಂಗಸೊಬ್ಬಳು ಮಾತ್ರ ದುಭಾಷಿಯ ಮೂಲಕ ಕೇಳಿದಳು: “ನಿಮ್ಮ ಊರಿನದ್ದು ಯಾವಾಗ ಮುಚ್ಚುತ್ತಾರೆ?”

“ನಾನು ನಗಾಡಿದೆ ಮಾರಾಯ್ರೇ. ನಮ್ಮದು ಮೇನ್ ಪ್ಲಾಂಟ್ ಅಲ್ವಾ, ಎಂತಕ್ಕೆ ಮುಚ್ಚುವುದು?” ಎಂದು ನನಗೆ ಹೇಳಿದ್ದರು. ಲೈನಿನವರಿಗೂ ಫೋನಿನಲ್ಲಿ ಅದನ್ನೇ ಹೇಳಿದರು. ಆ ಮಾತು ನಂಬಿ ಅವರ ಆಪ್ತ ಗೆಳೆಯ, ಒಬ್ಬ ಫಿಟ್ಟರ್, ಕೈಗೆ ಬಂದಿದ್ದ ದುಬೈ ವೀಸಾ ಬಿಟ್ಟ.

ಅವರು ಮರಳಿದ ಎರಡನೇ ತಿಂಗಳು ಇಲ್ಲಿನ ಗೇಟಿನಲ್ಲಿ ಕಾರ್ಖಾನೆ ಮುಚ್ಚುವ ನೋಟಿಸು ಅಂಟಿಸಿದರು. ನಮ್ಮ ಪತ್ರಿಕೆಯಿಂದ ವರದಿಗೆ ಹೋದವನು ನಾನೇ. ಪೊರ್ಬುಗಳನ್ನು ಕಂಡ ಫಿಟ್ಟರ್, “ಓ, ರೊಮೇನಿಯಾದ ಧಣಿಗಳು ಬಂದ್ರು! ಕುರ್ಚಿ ಹಾಕಿ!” ಎಂದು ಕೂಗಿದ. ಎಲ್ಲರೂ ನಕ್ಕರು. ಪೊರ್ಬುಗಳೂ ನಗಲು ನೋಡಿದರು.

ಸಂಜೆ ನಮ್ಮಲ್ಲಿಗೆ ಬಂದರು. “ನನಗೆ ಗೊತ್ತಿರಲಿಲ್ಲ ಅಂತ ಪೇಪರಿನಲ್ಲಿ ಒಂದು ಸಾಲು ಹಾಕ್ತೀರಾ?”

ಅದನ್ನು ದೃಢಪಡಿಸಲು ಇನ್ನೊಬ್ಬರು ಬೇಕು ಎಂದೆ.

“ಯಾರು ಹೇಳ್ತಾರೆ? ಅಲ್ಲಿ ನಾನು ಕಂಪನಿಯವ, ಇಲ್ಲಿ ರೊಮೇನಿಯಾದವ,” ಎಂದು ಎದ್ದು ಹೋದರು. ಆ ಸಾಲು ಅಚ್ಚಾಗಲಿಲ್ಲ.

ಲೈನಿನವರ ಮನೆಗಳಿಂದ ಮದುವೆ ಕಾಗದ ಬರುವುದು ನಿಂತಿತು. ಮಧ್ಯಾಹ್ನ ಹನ್ನೆರಡೂವರೆಗೆ, ಕಾರ್ಖಾನೆಯಲ್ಲಿ ಊಟಕ್ಕೆ ಕೂರುತ್ತಿದ್ದ ಹೊತ್ತಿಗೆ, ಅವರು ಕದ್ರಿ ಪಾರ್ಕಿನ ಬೆಂಚಿನಲ್ಲಿ ಒಬ್ಬರೇ ಬುತ್ತಿ ಬಿಚ್ಚುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಒಂದೆರಡು ಸಲ ಪಕ್ಕದಲ್ಲಿ ಕೂತೆ. ಮೀನಿನ ತುಂಡು ನನ್ನ ಕಡೆ ಸರಿಸುತ್ತಿದ್ದರು.

ಕಳೆದ ತಿಂಗಳು ತೀರಿಕೊಂಡರು. ಮಣ್ಣು ಮಾಡಿ ಹೊರಬಂದಾಗ ಫಿಟ್ಟರ್ ಇಗರ್ಜಿಯ ಗೇಟಿನಾಚೆ ಹೆಲ್ಮೆಟ್ ಹಿಡಿದು ನಿಂತಿದ್ದ. ಒಳಗೆ ಬಂದಿರಲಿಲ್ಲ.

“ಪೇಪರಿನವರೇ, ನಿಜ ಹೇಳಿ. ಅವರಿಗೆ ಗೊತ್ತಿತ್ತಾ?”

“ಇಲ್ಲ.”

ಅವನು ಹೆಲ್ಮೆಟ್ಟನ್ನು ಗೇಟಿನ ಕಂಬದ ಮೇಲಿಟ್ಟ.

“ಆಗಲೇ ಬರೆಯಬಹುದಿತ್ತಲ್ಲ ನೀವು,” ಎಂದವನೇ ಸಮಾಧಿಯ ಕಡೆ ನಡೆದ.