ಸಿದ್ದಪ್ಪಣ್ಣನ ಬೈಕಿಗೆ ನಾಟದ ಔಷಧಿ

ಸ್ನೇಹಿತರೇ, ಇವತ್ತು ಬೈಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು.

ಎಂಜಿನ್ ಆಯಿಲ್‌ಗೆ ಬೆರೆಸುವ ಆಡಿಟಿವ್ ಬಾಟಲಿ ತೋರಿಸಿ, “ಇದನ್ನ ಹಾಕಿದ್ರೆ ಎಂಜಿನ್ ಸವೆಯಲ್ಲ, ಆಯಿಲ್ ಬದಲಿಸೋ ತಾಪತ್ರಯವೂ ಇಲ್ಲ” ಎಂದು ಪಕ್ಕದ ಮನೆಯ ಸಿದ್ದಪ್ಪಣ್ಣನಿಗೆ ಭಾಷಣ ಬಿಗಿದವನು ನಾನೇ. ಅವರು ನಂಬಿ ಆಯಿಲ್ ಬದಲಿಸುವುದನ್ನೇ ಬಿಟ್ಟರು. ಇಂದು ಬೆಳಿಗ್ಗೆ ಸಂತೇಬೆನ್ನೂರು ಸಂತೆಗೆ ಹೊರಟವರ ಬೈಕ್ ದಾರಿಯಲ್ಲೇ ಎಂಜಿನ್ ಬಿಗಿದು ಸೀಜ್ ಆಯಿತು.

ಸುದ್ದಿ ತಿಳಿದು ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಅವರೇ ನನ್ನನ್ನು ಸಮಾಧಾನ ಮಾಡಿದರು: “ಬಿಡ್ರಿ ಮೇಷ್ಟ್ರೇ, ಎಲ್ರಿಗೂ ಔಷಧಿ ನಾಟಲ್ಲ. ನಿಮ್ ಗಾಡಿಗೆ ನಾಟೈತಲ್ರಿ, ಅಷ್ಟು ಸಾಕು.”

ಬಾಟಲಿಯ ಮೇಲೆ ನನಗೇ ನಂಬಿಕೆ ಸಾಲದೆ, ನನ್ನ ಗಾಡಿಗೆ ತಪ್ಪದೆ ಹೊಸ ಆಯಿಲ್ ಹಾಕಿಸುತ್ತಲೇ ಬಂದಿದ್ದೇನೆ. ಇದನ್ನು ಅವರಿಗೆ ಹೇಳಲಾಗದೆ ಈ ಪೋಸ್ಟ್‌ನಲ್ಲಿ ಬರೆಯುತ್ತಿದ್ದೇನೆ.

ಸಿದ್ದಪ್ಪಣ್ಣನದು ಕೀಪ್ಯಾಡ್ ಫೋನು ಎಂಬುದಷ್ಟೇ ನನ್ನ ಧೈರ್ಯ.